ಅವ್ವಿ ಉಟ್ಟು ಕಳಿಸಿದ ಸೀರೆ

ನಮ್ಮ ಮನೆತನದಲ್ಲಿ ಒಂದು ಹಳೆಯ ತಮಾಷೆಯಿದೆ. ಮದುವೆ ಮನೆಯಲ್ಲೋ ಪೇಟೆಯಲ್ಲೋ ನನ್ನ ತಮ್ಮ ಯಾರದೋ ಗುರುತು ಹಿಡಿಯದೆ ಕಕ್ಕಾಬಿಕ್ಕಿಯಾದರೆ ಸಾಕು, ಪಕ್ಕದಲ್ಲಿದ್ದವರು ಯಾರಾದರೂ ಶುರು ಮಾಡುತ್ತಾರೆ: "ಹೆತ್ತ ಅವ್ವಿ ಗುರ್ತೇ ಹಿಡೀಲಿಲ್ಲ ಅವ, ನಿನ್ ಗುರ್ತು ಹಿಡೀತಾನಾ ಮಾರಾಯಾ?" ಎಲ್ಲರೂ ನಗುತ್ತಾರೆ. ಅವನೂ ನಗುತ್ತಾನೆ. ನಾನು ಮಾತ್ರ ಎದ್ದು ಒಳಗೆ ಹೋಗಿ ಇಲ್ಲದ ಕೆಲಸ ಹುಡುಕಿಕೊಳ್ಳುತ್ತೇನೆ. ಈ ಮಾತು ಹುಟ್ಟಿದ ದಿನ ನಾನು ಅಲ್ಲಿಯೇ ಇದ್ದೆ. ಅದು ಹುಟ್ಟಿದ್ದೂ ನನ್ನಿಂದಲೇ.

ಆಗ ನನಗೆ ಹತ್ತು ವರ್ಷ. ಮೂವತ್ತರ ದಶಕದ ನಡುವಿನ ಮಾತು. ಅಗಸೂರಿನಲ್ಲಿ ಗದ್ದೆ ಮಾಡಿಕೊಂಡಿದ್ದ ಮನೆ ನಮ್ಮದು. ಅಪ್ಪ, ಅಪ್ಪನನ್ನು ಹೆತ್ತ ಅಜ್ಜಿ, ಅವ್ವಿ, ನಾನು, ಮತ್ತೆ ಏಳು ತಿಂಗಳ ತಮ್ಮ. ಮಳೆಗಾಲದ ಒಂದು ಮಧ್ಯಾಹ್ನ ಒಣ ಕಟ್ಟಿಗೆ ಇಳಿಸಲು ಅವ್ವಿ ಅಟ್ಟಕ್ಕೆ ಏಣಿ ಹತ್ತಿದಳು. ಏಣಿ ಜಾರಿತು. ಬಿದ್ದವಳು ಅಯ್ಯೋ ಎನ್ನಲಿಲ್ಲ. "ಕೂಸಿನ ಮೈಮೇಲೆ ಕಟ್ಗೆ ಬಿತ್ತಾ ನೋಡು ಮಗಾ" ಎಂದಳು. ಕೂಸಿಗೆ ಏನೂ ಆಗಿರಲಿಲ್ಲ. ಅವಳ ಎಡತೊಡೆಯ ಎಲುಬು ಮುರಿದಿತ್ತು.

ಊರಿನ ಎಲುಬು ಕೂಡಿಸುವವನೊಬ್ಬ ಬಂದು ಸೊಪ್ಪು ಅರೆದು ಹಚ್ಚಿ, ಬಿದಿರಿನ ದಬ್ಬೆ ಇಟ್ಟು ಬಿಗಿದು ಕಟ್ಟಿದ. ಒಂದೂವರೆ ತಿಂಗಳಾದ ಮೇಲೆ ಬಿಚ್ಚಿ ನೋಡಿದರೆ ಕಾಲು ಕೂಡಿತ್ತು, ಆದರೆ ಸೊಟ್ಟವಾಗಿ ಕೂಡಿತ್ತು. ಅವ್ವಿ ನಿಲ್ಲಲು ಹೋಗಿ ಕುಸಿದಳು. ಕೊನೆಗೆ ಅಪ್ಪ ಗಾಡಿಗೆ ಹುಲ್ಲು ತುಂಬಿ, ಅದರ ಮೇಲೆ ಅವಳನ್ನು ಮಲಗಿಸಿ ಕಾರವಾರದ ದವಾಖಾನೆಗೆ ಕರೆದೊಯ್ದ. ಅಲ್ಲಿ ಆ ಎಲುಬನ್ನು ಮತ್ತೆ ಮುರಿದು ಕೂಡಿಸಬೇಕೆಂದರಂತೆ. ಹೇಗೂ ಅವ್ವಿಯ ತಮ್ಮ, ನಮ್ಮ ಮಾವ, ಕಾರವಾರದ ಬಂದರು ಕಚೇರಿಯಲ್ಲಿ ಜವಾನನಾಗಿದ್ದ. ದವಾಖಾನೆಯಿಂದ ಬಿಟ್ಟ ಮೇಲೆ ಅವನ ಮನೆಯಲ್ಲಿದ್ದು ನಡೆಯಲು ಕಲಿಯಬೇಕು ಎಂದಾಯಿತು. ಎಲ್ಲ ಸೇರಿ ಎಂಟು ತಿಂಗಳು ಹಿಡಿಯಿತು.

ಆ ಎಂಟು ತಿಂಗಳು ತಮ್ಮ ನನ್ನ ಸೊಂಟದ ಮೇಲೆ ಬೆಳೆದ. ಅಜ್ಜಿಯ ಕೈ ಆಗಲೇ ನಡುಗುತ್ತಿತ್ತು. ಶಾಲೆ ಬಿಡಿಸಿದರು. ಬಿಟ್ಟದ್ದಕ್ಕೆ ನನಗೇನೂ ಬೇಸರವಾಗಲಿಲ್ಲ, ಮಗ್ಗಿ ತಪ್ಪಿದರೆ ಬೆತ್ತ ಬೀಳುತ್ತಿತ್ತು. ಅಜ್ಜಿಯ ಹಳೆಯ ಸೀರೆಯಿಂದ ಒಂದು ತುಂಡು ಹರಿದು ಹೆಗಲಿಂದ ಸೊಂಟಕ್ಕೆ ಕಟ್ಟಿಕೊಂಡು, ಅದರೊಳಗೆ ಅವನನ್ನು ಕೂರಿಸಿಕೊಂಡು ಇಡೀ ದಿನ ತಿರುಗುತ್ತಿದ್ದೆ. ಬಾವಿಕಟ್ಟೆ, ಕೊಟ್ಟಿಗೆ, ಗದ್ದೆಯ ಬದು, ಎಲ್ಲಿ ಹೋದರೂ ಅವನು ಜೊತೆಗೇ. ನನ್ನ ಬೆವರು, ತಲೆಗೆ ಹಚ್ಚಿದ ತೆಂಗಿನೆಣ್ಣೆ, ಅವನು ಕಕ್ಕಿದ ಹಾಲು, ಎಲ್ಲ ಆ ತುಂಡಿಗೆ ಹತ್ತಿತ್ತು. ಅದನ್ನು ಹೆಗಲಿಗೆ ಹಾಕಿದರೆ ಸಾಕು, ಅಳುತ್ತಿದ್ದವನು ಸುಮ್ಮನಾಗುತ್ತಿದ್ದ. ಮಾತು ಬಂದಾಗ ಅವನು ಮೊದಲು ಆಡಿದ್ದು "ಅವ್ವಿ" ಅಂತ. ನನ್ನ ಮುಖ ನೋಡಿಯೇ ಹೇಳಿದ. ನಾನು ತಿದ್ದಲಿಲ್ಲ. ತಿದ್ದಬೇಕಿತ್ತು, ಗೊತ್ತಿತ್ತು, ಆದರೂ ತಿದ್ದಲಿಲ್ಲ. ಹತ್ತು ವರ್ಷದ ಹುಡುಗಿಗೆ ಯಾರೂ ಅಷ್ಟು ದೊಡ್ಡ ಹೆಸರು ಕೊಟ್ಟಿರುವುದಿಲ್ಲ.

ಅಪ್ಪ ತಿಂಗಳಿಗೊಮ್ಮೆ ಅಂಕೋಲೆಯಿಂದ ಸರ್ವಿಸ್ ಮೋಟಾರು ಹತ್ತಿ ಕಾರವಾರಕ್ಕೆ ಹೋಗಿ ಅವಳನ್ನು ನೋಡಿ ಬರುತ್ತಿದ್ದ. ಮೊದಲ ಸಲ ಬಂದಾಗ ಅವನ ಕಂಕುಳಲ್ಲಿ ಒಂದು ಗಂಟು ಇತ್ತು. ಬಿಚ್ಚಿದರೆ ಅವ್ವಿಯ ಸೀರೆ, ಉಟ್ಟು ಬಿಟ್ಟದ್ದು, ಮುದುಡಿದ್ದು.

"ತೊಳೀಬೇಡಿ ಹೇಳಿ ಹೇಳ್ಯಾಳೆ. ಕೂಸಿಗೆ ಹಾಸೂಕಂತೆ" ಎಂದ ಅಪ್ಪ. "ಕರೂಗೆ ತಾಯಿ ವಾಸ್ನೆ ಗೊತ್ತಿರ್ತದೆ, ಕೂಸಿಗೆ ಇರೂದಿಲ್ವಾ, ಇದ್ರ ಮೇಲೆ ಮಲಗ್ತಾ ಇದ್ರೆ ನನ್ನ ಮರೆಯೂದಿಲ್ಲ ಅಂದ್ಲು."

ಅಂಗಳದಲ್ಲಿ ನಿಂತಿದ್ದ ಅಜ್ಜಿ ಆ ಗಂಟನ್ನು ಜಗಲಿ ಹತ್ತಲು ಬಿಡಲಿಲ್ಲ. ದವಾಖಾನೆಯಿಂದ ಬಂದ ಬಟ್ಟೆ, ಸಾವಿನ ಮನೆಯಿಂದ ಬಂದ ಬಟ್ಟೆ, ಎರಡೂ ನಮ್ಮಲ್ಲಿ ಒಂದೇ ಲೆಕ್ಕ. ಬಾವಿಕಟ್ಟೆಯಲ್ಲಿ ನೆನೆಸಿ, ತೊಳೆದು, ಬಿಸಿಲಿಗೆ ಹಾಕಿಯೇ ಒಳಗೆ ತರಬೇಕು. "ಅವ್ಳಿಗೆ ಯಂತಾ ಗೊತ್ತು? ಅಲ್ಲಿ ಯಾವ್ಯಾವ ರೋಗದವ್ರು ಇರ್ತ್ರೋ. ಅದನ್ನ ತಂದು ಕೂಸಿನ ಅಡೀಗೆ ಹಾಸೂದಾ?" ಅಜ್ಜಿ ಕೆಟ್ಟವಳಲ್ಲ. ಊರಿಗೆ ಜ್ವರ ಬಂದ ಒಂದು ವರ್ಷ, ಒಂದೇ ವಾರದಲ್ಲಿ ಎರಡು ಮಕ್ಕಳನ್ನು ಮಣ್ಣಿಗೆ ಕೊಟ್ಟವಳು. ಅವಳ ಹೆದರಿಕೆಗೆ ಸೋತು ಅಪ್ಪ ಗಂಟನ್ನು ಬಾವಿಕಟ್ಟೆಯ ಮೇಲಿಟ್ಟ. ನಾನು ಸೀರೆಯನ್ನು ಬೂದಿ ನೀರಿನಲ್ಲಿ ನೆನೆಸಿ, ಅಂಟುವಾಳದ ನೊರೆ ಹಾಕಿ ತಿಕ್ಕಿ, ಕಲ್ಲಿಗೆ ಬಡಿದು ತೊಳೆದೆ. ಒಣಗಿದ ಮೇಲೆ ತಮ್ಮನಿಗೆ ಹಾಸಿದೆ. ಅವನು ಬೇರೆ ಯಾವ ಬಟ್ಟೆಯ ಮೇಲೂ ಮಲಗುವ ಹಾಗೆಯೇ ಅದರ ಮೇಲೂ ಮಲಗಿದ. ಮುಂದಿನ ತಿಂಗಳು ಅಪ್ಪ ಆ ತೊಳೆದ ಸೀರೆಯನ್ನು ಒಯ್ದು ಕೊಟ್ಟು, ಇನ್ನೊಂದು ಉಟ್ಟ ಸೀರೆ ತಂದ. ಅದೂ ಬಾವಿಕಟ್ಟೆಗೇ ಹೋಯಿತು. ಅವ್ವಿಗೆ ಯಾರೂ ಹೇಳಲಿಲ್ಲ. ಮರಳಿ ಬಂದ ಸೀರೆ ತೊಳೆದಿದ್ದರೆ ಅದರಲ್ಲೇನು ವಿಶೇಷ, ಕೂಸು ಒದ್ದೆ ಮಾಡಿದ್ದನ್ನು ಯಾರಾದರೂ ತೊಳೆದೇ ಕೊಡುತ್ತಾರೆ ಅಂದುಕೊಂಡಿರಬೇಕು.

ಇಷ್ಟೇ ಆಗಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ಐದನೆಯ ಸಲ ಅಪ್ಪ ಗಂಟು ತಂದಾಗ ಅಜ್ಜಿ ಮನೆಯಲ್ಲಿರಲಿಲ್ಲ. ಶೆಟಗೇರಿಗೆ ಕೊಟ್ಟ ಮಗಳ ಮನೆಗೆ ಹೋದವಳು ನಾಲ್ಕು ದಿನ ಬರುವವಳಲ್ಲ. ಅಪ್ಪ ಗಂಟನ್ನು ಜಗಲಿಯ ಮೇಲಿಟ್ಟು ಗದ್ದೆಗೆ ಹೋದ. ನಾನು ಬಿಚ್ಚಿದೆ. ಹಸಿರು ದಡಿಯ ಸೀರೆ. ಮುಖಕ್ಕೆ ಹಿಡಿದೆ. ಔಷಧದ ಖಾರ ವಾಸನೆಯ ಅಡಿಯಲ್ಲಿ ಅವಳಿದ್ದಳು, ಒಲೆಯ ಹೊಗೆ, ಅರಿಶಿನ, ಅವಳು ಜಗಿಯುವ ಎಲೆಯಡಿಕೆ, ಅವಳ ಕತ್ತು. ಅಲ್ಲಿಯವರೆಗೆ ನಾನು ಅತ್ತಿರಲಿಲ್ಲ. ಅವತ್ತು ಅದರೊಳಗೆ ಮುಖ ಹುದುಗಿಸಿ ಬಿಕ್ಕಿ ಬಿಕ್ಕಿ ಅತ್ತೆ.

ಆಮೇಲೆ ಅದನ್ನು ತೊಳೆಯದೆಯೇ ನೆಲಕ್ಕೆ ಹಾಸಿ ತಮ್ಮನನ್ನು ಮೇಲೆ ಬಿಟ್ಟೆ. ಅವನು ಕೂತ. ಬಗ್ಗಿದ. ಮುಖವನ್ನು ಸೀರೆಗೆ ಒತ್ತಿ ಹಾಗೆಯೇ ಇದ್ದುಬಿಟ್ಟ. ಎದ್ದು ಸುತ್ತ ನೋಡಿದ, ಬಾಗಿಲ ಕಡೆ ನೋಡಿದ, ಮತ್ತೆ ಮುಖ ಒತ್ತಿದ. ಬಾಯಿ ಚೀಪುವ ಹಾಗೆ ಆಡಿಸಿದ. ನಾನು ಕರೆದೆ, ಬರಲಿಲ್ಲ. ನನ್ನ ತುಂಡನ್ನು ಹೆಗಲಿಗೆ ಹಾಕಿಕೊಂಡು ಕರೆದೆ, ಆಗಲೂ ಬರಲಿಲ್ಲ. ಎತ್ತಿಕೊಳ್ಳಲು ಹೋದರೆ ಸೀರೆಯನ್ನು ಎರಡೂ ಮುಷ್ಟಿಯಲ್ಲಿ ಹಿಡಿದು ಕಿರುಚಿದ.

ಅವನಿಗೆ ಅವಳ ನೆನಪಿತ್ತು. ಐದು ತಿಂಗಳು ಕಳೆದರೂ ಇತ್ತು.

ಆ ಸಂಜೆಯೇ ನಾನು ಆ ಸೀರೆಯನ್ನು ಬಾವಿಕಟ್ಟೆಗೆ ಒಯ್ದೆ. ತೊಳೆ ಎಂದು ಹೇಳುವವರು ಯಾರೂ ಇರಲಿಲ್ಲ. ಎರಡು ಸಲ ತೊಳೆದೆ. ಹೊಟ್ಟೆಕಿಚ್ಚು ಅನ್ನುವ ಮಾತು ನನಗೆ ಗೊತ್ತಿತ್ತು, ಬೇರೆಯವರ ಮನೆಯ ಕತೆ ಹೇಳುವಾಗ ಅಜ್ಜಿ ಬಳಸುತ್ತಿದ್ದಳು. ನನ್ನೊಳಗೆ ಅದೇ ಇದೆ ಎಂದು ಮಾತ್ರ ಹೊಳೆಯಲಿಲ್ಲ. ಮನೆಯ ಪದ್ಧತಿ, ಅಜ್ಜಿ ಇದ್ದಿದ್ದರೂ ಇದನ್ನೇ ಹೇಳುತ್ತಿದ್ದಳು ಎಂದುಕೊಂಡೆ. ಕಲ್ಲಿಗೆ ಬಡಿಯುವಾಗ ಕೈಗೆ ಬಂದ ಬಲ ಮಾತ್ರ ಪದ್ಧತಿಯದಾಗಿರಲಿಲ್ಲ.

ಮೇ ತಿಂಗಳಲ್ಲಿ ಮಾವನಿಂದ ಕಾಗದ ಬಂತು, ಕೋಲು ಹಿಡಿದು ನಡೆಯುತ್ತಾಳೆ, ಇನ್ನು ಕರೆದೊಯ್ಯಬಹುದು ಎಂದು. ಕಾಲು ಮಡಚಿ ಮೋಟಾರಿನಲ್ಲಿ ಕೂರಲು ಆಗುವುದಿಲ್ಲ, ಗಾಡಿಯನ್ನೇ ತರಬೇಕು. ಮಳೆ ಬಿದ್ದರೆ ಅಪ್ಪನಿಗೆ ಗದ್ದೆ ಬಿಟ್ಟು ಬರಲು ಆಗುವುದಿಲ್ಲ. ಎರಡೇ ದಿನದಲ್ಲಿ ಹೊರಟೆವು, ಅಪ್ಪ, ನಾನು, ತಮ್ಮ. ಅಜ್ಜಿ ದಾರಿಗೆ ಅವಲಕ್ಕಿ ಬೆಲ್ಲ ಕಟ್ಟಿಕೊಟ್ಟಳು. ಹೋಗುವಾಗಿನ ದಾರಿ ನನಗೆ ನೆನಪಿಲ್ಲ. ಹಸಿರು ದಡಿಯ ಸೀರೆಯ ಅಳುಕು ಬಿಡುತ್ತಿರಲಿಲ್ಲ. ಅವ್ವಿಯನ್ನು ನೋಡುತ್ತೇನೆ ಎಂಬ ಖುಷಿಯೂ ಅದರ ಜೊತೆಗೇ ಇತ್ತು.

ಮಾವನ ಮನೆ ಸಮುದ್ರಕ್ಕೆ ಹತ್ತಿರ. ನಾವು ಅಲ್ಲಿ ಗಾಡಿ ನಿಲ್ಲಿಸಿದಾಗ ಅವ್ವಿ ಮನೆಯಲ್ಲಿರಲಿಲ್ಲ. ನೀರಿನ ಅಂಚಿನ ಗಟ್ಟಿ ಮರಳಿನಲ್ಲಿ ದಿನಾ ಸಂಜೆ ನಡೆಯಬೇಕೆಂದು ದಾಕ್ತರರು ಹೇಳಿದ್ದರಂತೆ. ಮಾವನ ಹೆಂಡತಿ, ನಮ್ಮ ಅತ್ತೆ, ಜೊತೆಗೆ ಹೋಗಿದ್ದಳು. ನಾವೂ ಹೋದೆವು. ದೂರದಿಂದಲೇ ಕಂಡಳು, ಎರಡೂ ಕಂಕುಳಿಗೆ ಕೋಲು ಕೊಟ್ಟುಕೊಂಡು ಬರುತ್ತಿದ್ದಳು. ಒಂದು ಹೆಜ್ಜೆ ಮರಳಿನಲ್ಲಿ ಆಳವಾಗಿ ಮೂಡುತ್ತಿತ್ತು, ಇನ್ನೊಂದು ಎಳೆದ ಗೆರೆಯಾಗಿ. ತುಂಬ ತೆಳ್ಳಗಾಗಿದ್ದಳು. ನಮ್ಮನ್ನು ಕಂಡದ್ದೇ ಬೇಗ ಬೇಗ ಬರಲು ನೋಡಿದಳು.

"ಹೊಯ್, ಮೆಲ್ಲಗೆ!" ಎಂದಳು ಅತ್ತೆ.

ಅಪ್ಪ ತಮ್ಮನನ್ನು ಮರಳಿನ ಮೇಲೆ ಇಳಿಸಿದ. ಅವನು ನಡೆಯಲು ಕಲಿತು ಎರಡು ತಿಂಗಳಾಗಿತ್ತು, ಅವ್ವಿ ಅದನ್ನು ನೋಡಿರಲಿಲ್ಲ. ಅವನು ಕೈ ಎತ್ತಿಕೊಂಡು ತಟತಟ ಹೊರಟ. ಅವ್ವಿ ನಿಂತುಬಿಟ್ಟಳು. "ಅಯ್ಯೋ ನನ್ನಪ್ಪಾ, ನಡೀತದ್ಯಲ್ಲೇ!" ಎಂದು ಒಂದು ಕೋಲು ಬಿಟ್ಟು ಆ ಕೈ ಚಾಚಿದಳು. ಅವನು ನಾಲ್ಕು ಹೆಜ್ಜೆ ಅವಳ ಕಡೆಗೇ ಹೋದ. ಆಮೇಲೆ ಮುಖ ನೋಡಿದ. ಬಿದ್ದ ಕೋಲು ನೋಡಿದ. ತಿರುಗಿ ಓಡಿ ಬಂದು ನನ್ನ ಪರಕರದೊಳಗೆ ಮುಖ ಮುಚ್ಚಿಕೊಂಡು "ಅವ್ವೀ, ಅವ್ವೀ" ಎಂದು ಅಳತೊಡಗಿದ.

ಅತ್ತೆ ನಕ್ಕಳು. "ನೋಡ್ರಾ, ಹೆತ್ತವ್ಳ ಗುರ್ತೇ ಇಲ್ಲ! ಇವ್ಳೇ ಸಣ್ಣ ಅವ್ವಿ ಆಗಿಬಿಟ್ಟಾಳೆ." ತಮಾಷೆ ಹುಟ್ಟಿದ್ದು ಆಗ. ಅತ್ತೆಯ ಮೇಲೆ ನನಗೆ ಇಂದಿಗೂ ಸಿಟ್ಟಿದೆ. ಒಳ್ಳೆಯ ಹೆಂಗಸು, ಎಂಟು ತಿಂಗಳು ಅವ್ವಿಯನ್ನು ಸಾಕಿದವಳು, ಆದರೂ ಸಿಟ್ಟಿದೆ. ಅವ್ವಿಯೂ ನಗಲು ನೋಡಿದಳು. ಬಿದ್ದ ಕೋಲನ್ನು ಅಪ್ಪ ಎತ್ತಿಕೊಟ್ಟ. ಅವಳು ಅದನ್ನು ಕಂಕುಳಿಗೆ ಸರಿಯಾಗಿ ಕೊಟ್ಟುಕೊಳ್ಳಲು ಬಹಳ ಹೊತ್ತು ತೆಗೆದುಕೊಂಡಳು, ತಲೆ ತಗ್ಗಿಸಿಕೊಂಡು.

ಮನೆಗೆ ಬಂದ ಮೇಲೆ ನನ್ನನ್ನು ಹತ್ತಿರ ಕೂರಿಸಿಕೊಂಡು ಜಡೆ ಬಿಚ್ಚಿ ಬಾಚಿದಳು. "ನಾ ಕಳ್ಸಿದ ಸೀರೆ ಹಾಸ್ತಿದ್ಯಾ ಮಗಾ?"

"ಹಾಸ್ತಿದ್ದೆ."

"ದಿನಾನೂ?"

"ದಿನಾನೂ."

ಸುಳ್ಳಲ್ಲ. ಒಂದು ಮಾತೂ ಸುಳ್ಳಲ್ಲ.

"ಹಂಗಾದ್ರೆ ಕೂಸು ನನ್ನ ಹತ್ರ ಬತ್ತದೆ ಬಿಡು. ಕೋಲು ಕಂಡು ಹೆದ್ರಿರ್ಬೇಕು" ಎಂದಳು ಅವ್ವಿ.

ಮರುದಿನ ಬೆಳಿಗ್ಗೆ ಹೊರಟೆವು. ಗಾಡಿಗೆ ಹುಲ್ಲು ಹರಡಿ, ಮೇಲೆ ಚಾಪೆ ಹಾಸಿ, ಬಿಸಿಲು ಬೀಳದ ಹಾಗೆ ಚಾಪೆಯದೇ ಕಮಾನು ಕಟ್ಟಿದ್ದರು. ಅವ್ವಿ ಕಾಲು ಚಾಚಿ ಕೂತಳು. ಅವಳ ಎದುರಿಗೆ ನಾನು, ನನ್ನ ಮಡಿಲಲ್ಲಿ ತಮ್ಮ. ಒಂದೇ ಕಡೆ ಕೂತರೆ ಕಾಲು ಮರಗಟ್ಟುತ್ತದೆ, ಎರಡು ಮೈಲುಗಲ್ಲಿಗೊಮ್ಮೆ ಇಳಿದು ನೂರು ಹೆಜ್ಜೆ ನಡೆಯಬೇಕು ಎಂದು ದಾಕ್ತರರು ಹೇಳಿ ಕಳಿಸಿದ್ದರು. ಅಪ್ಪ ಎತ್ತುಗಳ ಜೊತೆ ಆಡುತ್ತಿದ್ದಷ್ಟು ಮಾತನ್ನು ನಮ್ಮ ಜೊತೆ ಯಾವತ್ತೂ ಆಡಿದವನಲ್ಲ. ಆದರೆ ಎರಡನೇ ಕಲ್ಲು ಬಂತೋ, ಗಾಡಿ ನಿಲ್ಲಿಸಿ ಹಿಂದೆ ಬಂದು ಸುಮ್ಮನೆ ಕೈ ಚಾಚುತ್ತಿದ್ದ. ಅವಳು ಆ ಕೈ ಹಿಡಿದು ಇಳಿಯುತ್ತಿದ್ದಳು. ಅವನು ಹೆಜ್ಜೆ ಎಣಿಸುತ್ತಿದ್ದ, ಬಾಯೊಳಗೇ.

ಬಿಣಗಾ ಘಟ್ಟದಲ್ಲಿ ಏರು ಬಂತು. ಎತ್ತುಗಳಿಗೆ ಭಾರವಾಗುತ್ತದೆಂದು ನಾನು ತಮ್ಮನನ್ನು ಎತ್ತಿಕೊಂಡು ಇಳಿದೆ. ಅವ್ವಿಯೂ ಇಳಿಯುತ್ತೇನೆಂದಳು. ಅಪ್ಪ ಬೇಡವೆಂದ, ಕೇಳಲಿಲ್ಲ. "ಮನೇಲಿ ನಾ ಹೊಸ್ತಿಲು ದಾಟೂದು ಬೇಡ್ವಾ?" ಎಂದು ಕೋಲೂರಿ ಏರತೊಡಗಿದಳು. ತಮ್ಮ ನನ್ನ ಕೈಬಿಡಿಸಿಕೊಂಡು ತಾನೂ ನಡೆಯುತ್ತೇನೆಂದು ಇಳಿದ. ಮುಂದೆ ಅವನು, ಹಿಂದೆ ಅವಳು, ಇಬ್ಬರೂ ಓಲಾಡುತ್ತ. ಒಂದು ಕಡೆ ಅವನು ಮುಗ್ಗರಿಸಿ ಬಿದ್ದ. ಅವಳಿಗೆ ಎರಡೇ ಮಾರು ದೂರ. ಬಗ್ಗಲು ನೋಡಿದಳು, ಸೊಂಟದಿಂದ ಕೆಳಗೆ ಮೈ ಬಗ್ಗಲಿಲ್ಲ. ಕೋಲು ನೀಡಿ "ಹಿಡ್ಕ, ಹಿಡ್ಕ ಮಗಾ, ಏಳು" ಎಂದಳು. ಕೋಲು ಕಂಡು ಅವನು ಮತ್ತೂ ಜೋರಾಗಿ ಅತ್ತು ನನ್ನ ಕಡೆ ಕೈ ಮಾಡಿದ. ನಾನು ಓಡಿ ಹೋಗಿ ಎತ್ತಿಕೊಂಡೆ. ಎತ್ತಿಕೊಂಡಾಗ ಅವನು ನನ್ನ ಹೆಗಲ ತುಂಡಿನೊಳಗೆ ಮೂಗು ತೂರಿಸಿ ಒಮ್ಮೆಲೇ ಸುಮ್ಮನಾದ. ಅವ್ವಿ ಅದನ್ನು ನೋಡಿದಳು. ಏರು ಮುಗಿಯುವವರೆಗೆ ಎಲ್ಲೂ ಕುಳಿತುಕೊಳ್ಳಲಿಲ್ಲ.

ಮಧ್ಯಾಹ್ನ ಅಮದಳ್ಳಿಯಲ್ಲಿ ಗಾಡಿ ನಿಲ್ಲಿಸಿದೆವು. ಅತ್ತೆ ಕಟ್ಟಿಕೊಟ್ಟ ಬುತ್ತಿಯ ಜೊತೆ ಇಶಾಡ ಮಾವಿನಹಣ್ಣು ಇದ್ದವು. ಅವ್ವಿ ಒಂದನ್ನು ಹಿಸುಕಿ, ರಸವನ್ನು ಬೆರಳಿಗೆ ಸವರಿಕೊಂಡು ಚಾಚಿದಳು. ತಮ್ಮ ನನ್ನ ತೊಡೆ ಬಿಡದೆ ಕುತ್ತಿಗೆ ಉದ್ದ ಮಾಡಿ ಬೆರಳು ನೆಕ್ಕಿದ. ಅವಳು ಬೆರಳನ್ನು ಸ್ವಲ್ಪ ಸ್ವಲ್ಪವೇ ಹಿಂದೆ ತೆಗೆದುಕೊಂಡಳು. ಅವನು ಒಂದು ಹೆಜ್ಜೆ ಹೋದ. ಇನ್ನೊಂದು ಹೆಜ್ಜೆ. ಅವಳ ಮೊಣಕಾಲ ಹತ್ತಿರ ನಿಂತು ನೆಕ್ಕಿದ. ಹಣ್ಣು ಮುಗಿಯಿತು, ಅವನು ತಿರುಗಿ ನನ್ನ ಹತ್ತಿರ ಬಂದ. ಅವಳು ಇನ್ನೊಂದು ಹಣ್ಣು ತೆಗೆದುಕೊಂಡಳು. ಅಪ್ಪ ಮೆಲ್ಲಗೆ, "ಹೊಟ್ಟೆ ಕೆಡ್ತದೆ, ಸಾಕು" ಎಂದ. ಅವಳು ಆ ಹಣ್ಣನ್ನು ಕೈಯಲ್ಲಿ ಹಿಡಿದುಕೊಂಡೇ ಗಾಡಿ ಹತ್ತಿದಳು.

ಆ ಇಡೀ ದಾರಿ ನನಗೆ ಹೇಳಿಬಿಡಬೇಕು ಎನ್ನಿಸುತ್ತಿತ್ತು. ಹೇಳಬಾರದು ಎಂದೂ ಅಷ್ಟೇ ಬಲವಾಗಿ ಅನ್ನಿಸುತ್ತಿತ್ತು. ಅವನು ನನ್ನ ಮಡಿಲಿಗೆ ಬಂದಾಗಲೆಲ್ಲ ಒಳಗೊಳಗೇ ಹಿಗ್ಗುತ್ತಿದ್ದೆ, ಆಮೇಲೆ ಅವಳ ಮುಖ ನೋಡಿ ಸತ್ತೇ ಹೋಗಬೇಕು ಎಂದುಕೊಳ್ಳುತ್ತಿದ್ದೆ.

ಸಂಜೆಗೆ ಅವರ್ಸೆ ಮುಟ್ಟಿ, ಅಪ್ಪನ ಪರಿಚಯದವರ ಜಗಲಿಯಲ್ಲಿ ತಂಗಿದೆವು. ಮರುದಿನ ಬೇಲೆಕೇರಿಗೆ ತಿರುಗುವ ದಾರಿ ದಾಟಿ ಅಂಕೋಲೆಗೆ ಬಂದೆವು. ಮೀನಿನ ಬುಟ್ಟಿ ಹೊತ್ತು ಹೊರಟ ಹೆಂಗಸರು ನಿಂತು ಗಾಡಿಯೊಳಗೆ ಇಣುಕಿ ಅವ್ವಿಯ ಕಾಲಿನ ಬಗ್ಗೆ ವಿಚಾರಿಸಿದರು. ಅಂಕೋಲೆ ದಾಟಿ ಅಗಸೂರಿನ ದಾರಿ ಹಿಡಿಯುವಾಗ ಬಿಸಿಲು ನೆತ್ತಿಗೆ ಬಂದಿತ್ತು. ತಮ್ಮ ಬೆವರಿ, ನಿದ್ದೆ ಬಾರದೆ ಒದ್ದಾಡುತ್ತಿದ್ದ. ಒಂದು ಮಾವಿನ ಮರದ ನೆರಳಿನಲ್ಲಿ ಅಪ್ಪ ಎತ್ತು ಬಿಚ್ಚಿ, "ಕೊಂಬೆಗೆ ಜೋಲಿ ಕಟ್ವಾ, ಕೂಸು ತಾಸು ಮಲಗ್ಲಿ" ಎಂದ.

ಜೋಲಿಗೆಂದು ಮನೆಯಿಂದ ನಾನು ಒಂದು ಸೀರೆ ತಂದಿದ್ದೆ, ಅವ್ವಿ ಕೊನೆಯ ಸಲ ಕಳಿಸಿದ್ದು. ನನ್ನ ಗಂಟಿನ ತಳದಲ್ಲಿತ್ತು. ತೆಗೆದೆ.

"ತಾ ಇಲ್ಲಿ. ನಾ ಕಟ್ತೆ. ಕೈ ಎಂತಾ ಮುರ್ದಿಲ್ಲ ನಂದು" ಎಂದಳು ಅವ್ವಿ.

ಮರಕ್ಕೆ ಒರಗಿ ನಿಂತು ಸೀರೆ ಬಿಡಿಸಿದಳು. ಬಿಡಿಸಿದವಳು ಮುಖಕ್ಕೆ ಹಿಡಿದಳು. ಯಾಕೆ ಹಿಡಿದಳೋ. ಅದರಲ್ಲಿ ಮಗನ ವಾಸನೆ ಇರುತ್ತದೆ ಎಂದುಕೊಂಡಿರಬೇಕು. ನಾವು ಹೊರಡುವ ಹಿಂದಿನ ದಿನ ಅಜ್ಜಿ ಅದನ್ನು ಮತ್ತೊಮ್ಮೆ ತೊಳೆಸಿದ್ದಳು. ಬೂದಿ ಮತ್ತು ಅಂಟುವಾಳ ಬಿಟ್ಟರೆ ಅದರಲ್ಲಿ ಏನೂ ಇರಲಿಲ್ಲ, ಅವನೂ ಇಲ್ಲ, ಅವಳೂ ಇಲ್ಲ.

ಸೀರೆಯಿಂದ ಮುಖ ತೆಗೆದು ನನ್ನನ್ನು ನೋಡಿದಳು. ನಾನು ನೆಲ ನೋಡಿದೆ.

"ತೊಳೆದ ಮೇಲೇ ಹಾಸ್ತಿದ್ದದ್ದಾ?"

"ಹೂಂ."

"ಅಜ್ಜಿ ತೊಳಿಸಿದ್ದಾ?"

"ಹೂಂ."

"ಎಲ್ಲಾನೂ?"

ಹಸಿರು ದಡಿಯ ಸೀರೆ ನನ್ನ ಕಣ್ಣ ಮುಂದೆ ಬಂತು. ಅದರ ಮೇಲೆ ಮುಖ ಒತ್ತಿ ಮಲಗಿದ್ದ ತಮ್ಮನೂ ಬಂದ.

"ಹೂಂ, ಎಲ್ಲಾನೂ" ಎಂದೆ.

ಅವಳು ಬೈಯುತ್ತಾಳೆ ಎಂದುಕೊಂಡಿದ್ದೆ. ಅಜ್ಜಿಯನ್ನಾದರೂ ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಮರಕ್ಕೆ ಬೆನ್ನು ಕೊಟ್ಟು ಮೆಲ್ಲಗೆ ಜಾರಿ ಬೇರಿನ ಮೇಲೆ ಕೂತಳು, ಎಡಗಾಲು ಮುಂದೆ ಚಾಚಿ. "ಒಂದೊಂದು ಸೀರೇನೂ ವಾರಗಟ್ಲೆ ಉಡ್ತಿದ್ದೆ ಮಗಾ. ಬೆವ್ರು ಹಿಡೀಲಿ ಹೇಳಿ. ಪಕ್ಕದ ಮಂಚದವ್ರು ಮೂಗು ಮುಚ್ಚಿಕಳ್ತಿದ್ರು" ಎಂದಳು. ಆಮೇಲೆ ಅತ್ತಳು. ಏಣಿಯಿಂದ ಬಿದ್ದಾಗ ಅಳದವಳು, ಎಲುಬು ಮತ್ತೆ ಮುರಿದಾಗಲೂ ಅಳಲಿಲ್ಲ ಎಂದು ಮಾವ ಹೇಳಿದ್ದವಳು, ಹಾಡಹಗಲು ರಸ್ತೆಯ ಬದಿಯಲ್ಲಿ ಕೂತು ಅತ್ತಳು. ಅಪ್ಪ ಎತ್ತುಗಳ ಹತ್ತಿರ ಹೋಗಿ ನಮಗೆ ಬೆನ್ನು ಮಾಡಿ ನಿಂತ.

ತಮ್ಮ ನನ್ನ ಸೊಂಟದಲ್ಲಿ ಕೊಸರುತ್ತಿದ್ದ. ಅವ್ವಿ ಸೆರಗಿನಿಂದ ಮುಖ ಒರೆಸಿಕೊಂಡು ಕೈ ಚಾಚಿದಳು.

"ಆ ತುಂಡು ಕೊಡು."

ನನಗೆ ಅರ್ಥವಾಗಲಿಲ್ಲ.

"ನಿನ್ನ ಹೆಗಲ ಮೇಲಿಂದು. ಬಿಚ್ಚಿ ಕೊಡು."

ತಮ್ಮನನ್ನು ಕೆಳಗಿಳಿಸಿ ಗಂಟು ಬಿಚ್ಚಿದೆ. ಎಂಟು ತಿಂಗಳ ನನ್ನ ಬೆವರು ಕುಡಿದ ಆ ಕೊಳಕು ತುಂಡನ್ನು ಅವಳು ತನ್ನ ತಲೆ, ಕತ್ತು, ಎದೆಗೆ ಸುತ್ತಿಕೊಂಡಳು. ಮುಖ ಅರ್ಧ ಮುಚ್ಚಿತು. "ನೀ ಅತ್ಲಾಗೆ ಹೋಗು ಮಗಾ, ಕೂಸಿಗೆ ಕಾಣದ ಹಂಗೆ" ಎಂದಳು. ನಾನು ಮರದ ಹಿಂದೆ ಹೋಗಿ ನಿಂತೆ.

ತಮ್ಮ ಅತ್ತ. ನಾನು ಕಿವಿ ಮುಚ್ಚಿಕೊಂಡೆ, ಆದರೂ ಕೇಳುತ್ತಿತ್ತು. ಆಮೇಲೆ ಅಳು ಬಿಟ್ಟು ಬಿಟ್ಟು ಬಂತು. ಆಮೇಲೆ ಇರಲಿಲ್ಲ. ಇಣುಕಿ ನೋಡಿದೆ. ಅವನು ಅವಳ ಎದೆಯ ಮೇಲೆ ಮುಖವಿಟ್ಟು, ಆ ತುಂಡಿನ ಅಂಚನ್ನು ಮುಷ್ಟಿಯಲ್ಲಿ ಹಿಡಿದು ನಿದ್ದೆಗೆ ಜಾರುತ್ತಿದ್ದ. "ಅವ್ವಿ" ಎಂದ, ಕಣ್ಣು ಮುಚ್ಚಿಕೊಂಡೇ.

ಅವಳು "ಓ" ಎಂದಳು.

ಅವನು ಕರೆದದ್ದು ನನ್ನನ್ನು. ಅದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಓಗೊಟ್ಟಳು. ಕಾಲು ಎಷ್ಟು ನೋಯುತ್ತಿತ್ತೋ, ಒಂದು ತಾಸು ಅಲುಗಾಡಲಿಲ್ಲ. ನಡೆಯಬೇಕಾದ ನೂರು ಹೆಜ್ಜೆಯನ್ನು ಅಪ್ಪ ಆ ಹೊತ್ತು ನೆನಪಿಸಲಿಲ್ಲ.

ಮನೆಯ ಅಂಗಳದಲ್ಲಿ ಅಜ್ಜಿ ಕಾದಿದ್ದಳು. ಸೊಸೆಯ ಕಾಲಿಗೆ ನೀರು ಹಾಕಿ, ಅವಳ ಕೋಲು ನೋಡಿ ಕಣ್ಣೀರು ತೆಗೆದಳು. ಆದರೂ ಪದ್ಧತಿ ಬಿಡಲಿಲ್ಲ. "ದವಾಖಾನೆ ಬಟ್ಟೆಯೆಲ್ಲ ಬಾವಿಕಟ್ಟೆ ಮೇಲೆ ಇಡಿ" ಎಂದಳು. ಅವ್ವಿ ಒಂದೊಂದೇ ಗಂಟನ್ನು ಕೊಟ್ಟಳು. ಮೈಗೆ ಸುತ್ತಿದ್ದ ತುಂಡಿಗೆ ಅಜ್ಜಿ ಕೈ ಹಾಕಿದಾಗ ಮಾತ್ರ ಹಿಂದೆ ಸರಿದಳು.

"ಇದು ದವಾಖಾನೇದಲ್ಲ ಅತ್ತೆ. ಇದು ಮನೇದು. ಇದನ್ನ ತೊಳೂಕೆ ನಾ ಬಿಡೂದಿಲ್ಲ."

ಅಜ್ಜಿಗೆ ಏನು ಅರ್ಥವಾಯಿತೋ, ಕೈ ತೆಗೆದಳು.

ಮಳೆಗಾಲ ಪೂರ್ತಿ ಅವ್ವಿ ಆ ತುಂಡನ್ನು ಹೊದ್ದುಕೊಂಡೇ ಇದ್ದಳು. ಕೋಲು ಎರಡಿದ್ದದ್ದು ಒಂದಾಯಿತು. ತಮ್ಮ ಮೊದಲು ತುಂಡಿನ ಹತ್ತಿರ ಹೋಗುತ್ತಿದ್ದ, ಆಮೇಲೆ ಅವಳ ಹತ್ತಿರವೇ ಹೋಗತೊಡಗಿದ. ಒಂದು ಬೆಳಿಗ್ಗೆ ಅವ್ವಿ ಹೇಳಿಕೊಟ್ಟ ಹಾಗೆ ನನ್ನ ಮುಖ ನೋಡಿ "ಅಕ್ಕ" ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಕೊಟ್ಟಿಗೆಗೆ ಹೋಗಿ ಅತ್ತೆ.

ಅವ್ವಿಗೆ ನಾನು ಕೊನೆಯವರೆಗೂ ಹೇಳಲಿಲ್ಲ. ಅವಳು ಎಡಗಾಲು ಎಳೆಯುತ್ತಲೇ ಮುದುಕಿಯಾದಳು, ಹೋದಳು. ಅವಳನ್ನು ಒಯ್ಯುವ ಮೊದಲು ತಮ್ಮ, ಮೊಮ್ಮಕ್ಕಳನ್ನು ಕಂಡ ಗಂಡಸು, ಅವಳ ಪಾದದ ಹತ್ತಿರ ಕೂತು ಕೂಸಿನ ಹಾಗೆ ಅಳುತ್ತ ಒಂದು ಮಾತು ಹೇಳಿದ: "ಕಾರವಾರದಲ್ಲಿ ನಾ ಅವ್ಳ ಗುರ್ತು ಹಿಡೀಲಿಲ್ವಂತೆ ಅಕ್ಕಾ. ಅಷ್ಟು ದೂರದಿಂದ ಕೋಲು ಊರ್ಕಂಡು ಬಂದವ್ಳನ್ನ ನಾ ಗುರ್ತು ಹಿಡೀಲಿಲ್ವಂತೆ." ಇಷ್ಟು ವರ್ಷ ಎಲ್ಲರ ಜೊತೆ ನಕ್ಕವನು ಒಳಗೆ ಇದನ್ನು ಹೊತ್ತುಕೊಂಡಿದ್ದ. ನಾನು ಅವನ ಬೆನ್ನ ಮೇಲೆ ಕೈಯಿಟ್ಟೆ. ಆಗಲೂ ಬಾಯಿ ಬಿಡಲಿಲ್ಲ.

ಈಗ ಅವನ ಕಣ್ಣೂ ಮಂಜಾಗುತ್ತಿದೆ, ಓದುವವರು ಬೇಕು. ಯಾರಾದರೂ ಅವನಿಗೆ ಇದನ್ನು ಓದಿ ಹೇಳಲಿ ಎಂದೇ ಬರೆದಿದ್ದೇನೆ. ತಮ್ಮಾ, ನೀನು ಗುರುತು ಹಿಡಿದಿದ್ದೆ. ಹಸಿರು ದಡಿಯ ಸೀರೆಯ ಮೇಲೆ ಮುಖವಿಟ್ಟು, ಅವಳು ಎಲ್ಲಿ ಎಂದು ಬಾಗಿಲ ಕಡೆ ನೋಡಿದ್ದೆ. ನಾನು ಎಷ್ಟು ಕರೆದರೂ ನನ್ನ ಹತ್ತಿರ ಬರಲಿಲ್ಲ. ನೋಡಿದವಳು ನಾನೊಬ್ಬಳೇ. ಆ ಸಂಜೆ ಆ ಸೀರೆಯನ್ನು ತೊಳೆದವಳೂ ನಾನೇ.